ಹಾಲಿನ ಪಾಳಿ

“ಮಾಸ್ತರ, ನಮ್ಮ ಹುಡುಗ ಲಗಮಣ್ಣನ ಹಿಂದ ಯಾಕ ನಿಂತಾನ?”

ರಾವಸಾಹೇಬ ಗೌಡರು ಹೀಗೆ ಕೇಳಿದಾಗ ವರ್ಧಮಾನ ಮಾಸ್ತರರ ಕೈಯಲ್ಲಿದ್ದ ಸೌಟು ಹಾಲಿನ ಪಾತೇಲಿಯಲ್ಲೇ ನಿಂತುಬಿಟ್ಟಿತು. ಸರಕಾರ ಕಳಿಸಿದ ಪುಡಿಹಾಲು ಕುದ್ದು ಮೇಲೆ ಬಂದಿತ್ತು. ಒಂಬತ್ತು ಮಕ್ಕಳು ಮನೆಯಿಂದ ತಂದ ಲೋಟ ಹಿಡಿದು ಪಾಳಿ ಹಚ್ಚಿದ್ದರು. ಗೌಡರು ಶಾಲೆಯ ಕಮಿಟಿಗೆ ಅಧ್ಯಕ್ಷರು. ಬಂದದ್ದು ಮಾಸ್ತರರ ಕಾಗದಕ್ಕೆ ಸಹಿ ಹಾಕಲು. ಸಹಿ ಬಿದ್ದು ಆ ಕಾಗದ ಸಂಜೆಯ ಬಸ್ಸಿಗೆ ಗೋಕಾಕ ಮುಟ್ಟಿದರೆ ನೌಕರಿ ಕಾಯಂ. ಇಲ್ಲದಿದ್ದರೆ ಇನ್ನೊಂದು ವರ್ಷ ಹೀಗೇ ತೂಗುಯ್ಯಾಲೆ. ಮೂಡಲಗಿಯ ಮಾವನಂತೂ, “ಕಾಯಂ ಆಗ್ಲಿ, ಆಮ್ಯಾಲ ಮಗಳನ್ನ ಕಳಸ್ತೀನಿ” ಎಂದು ಮಾಸ್ತರರ ಹೆಂಡತಿ ಸುಂದರಾಬಾಯಿಯನ್ನು ತವರಲ್ಲೇ ಕೂಡಿಸಿಕೊಂಡು ಎರಡು ವರ್ಷವಾಗಿತ್ತು. ತಾವು ಬಡಿದ ರೊಟ್ಟಿಯನ್ನು ತಾವೇ ತಿಂದು ಮಾಸ್ತರರು ಅರ್ಧ ಆಗಿದ್ದರು.

“ಅಕ್ಷರದ ಕ್ರಮ ಕಲಸಾಕತ್ತೇನ್ರಿ. ‘ಅ’ದಿಂದ ಹಿಡಿದು ಯಾರ ಹೆಸರು ಮೊದಲ ಬರತೈತಿ, ಅವರು ಮುಂದ. ನಿಮ್ಮ ಶಿದ್ಲಿಂಗಪ್ಪ ಅಂದ್ರ ‘ಶ’. ಅದು ಸ್ವಲ್ಪ ಹಿಂದ ಬರತೈತ್ರಿ.”

ಇದನ್ನು ಕಲಿಸಲು ಅವರು ಪಟ್ಟ ಪಾಡು ಅವರಿಗೇ ಗೊತ್ತು. ಮೊದಲ ದಿನ ಹಲಗೆಯ ಮೇಲೆ ಎತ್ತು, ಉಪ್ಪು, ಗೌಡ, ಅಕ್ಕಿ ಎಂದು ಬರೆದು, ಕ್ರಮವಾಗಿ ಜೋಡಿಸಿರಿ ಎಂದರೆ ಒಂಬತ್ತು ಪಾಟಿಗಳ ಮೇಲೂ ಗೌಡನೇ ಮೊದಲು. ಯಾಕೆ ಎಂದು ಕೇಳಿದರೆ, “ಗೌಡ್ರು ಮೊದಲ ಬರಬೇಕಲ್ರಿ” ಎಂದು ಮಕ್ಕಳು ಮಾಸ್ತರರಿಗೇ ತಿಳಿಹೇಳಿದವು. ಅವುಗಳ ತಪ್ಪೂ ಅಲ್ಲ. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವುದರಿಂದ ಹಿಡಿದು ಮದುವೆಯ ವೀಳ್ಯದವರೆಗೆ ಆ ಊರಲ್ಲಿ ಗೌಡರನ್ನು ಬಿಟ್ಟು ಯಾವುದೂ ಸುರುವಾಗುತ್ತಿರಲಿಲ್ಲ. ಪಾಟಿಯ ಮೇಲೆ ಇದು ಬಗೆಹರಿಯುವುದಿಲ್ಲ ಎಂದು ಮಾಸ್ತರರು ಮಕ್ಕಳನ್ನೇ ಅಕ್ಷರದಂತೆ ಹಾಲಿಗೆ ನಿಲ್ಲಿಸತೊಡಗಿದರು. ಎಂಟು ದಿನದಲ್ಲಿ ಅಷ್ಟೂ ಮಕ್ಕಳ ಬಾಯಿಗೆ ಬಂದಿತ್ತು.

“ಮುಂದ ನಿಂತಾಕಿ ಯಾರ?” ಎಂದರು ಗೌಡರು.

“ಉದ್ದವ್ವ ರೀ. ನಿಮ್ಮ ಹೊಲದಾಗ ದುಡೀತಾನಲ್ರಿ ಸಾತಪ್ಪ ಕಾಂಬಳೆ, ಅವನ ಮಗಳು.”

ಗೌಡರು ಮೀಸೆ ತೀಡಿದರು. “ಹಂಗಾರ ಆ ಕಡಿಂದ ಸುರು ಮಾಡ್ರಿ. ಅಕ್ಷರ ಅವೇ ಇರ್ತಾವಲ್ಲ?”

ಮಾಸ್ತರರು ಮೂಡಲಗಿಯನ್ನು ನೆನೆದು, “ಎಲ್ಲಾರೂ ಹಿಂದಕ್ಕ ಹೊಳ್ಳ್ರಿ” ಎಂದರು. ಪಾತೇಲಿಯನ್ನೂ ಆಚೆ ತುದಿಗೆ ಒಯ್ದಿಟ್ಟರು. ಈಗ ಮುಂದೆ ಬಂದವನು ಮೂಗೊರೆಸಿಕೊಳ್ಳುತ್ತಿದ್ದ ಹನಮಂತ. ಶಿದ್ಲಿಂಗಪ್ಪ ಅವನ ಹಿಂದೆ.

“ಇವ ಯಾರಾಂವ?”

“ಉದ್ದವ್ವನ ಅಣ್ಣ ರೀ,” ಎಂದರು ಮಾಸ್ತರರು ನೆಲ ನೋಡುತ್ತ.

“ಹೆಸರ ಬಿಡ್ರಿ ಅತ್ಲಾಗ. ಅಡ್ಡಹೆಸರ ಹಿಡೀರಿ.”

“ಹಂಗ ಹಿಡಿದ್ರ ಅಣ್ಣಾ ತಂಗಿ ಇಬ್ಬರೂ ಕೂಡೇ ಮುಂದ ಬರ್ತಾರ್ರಿ. ಕಾಂಬಳೆ ಅಂದ್ರ ‘ಕ’, ನಿಮ್ಮ ಪಾಟೀಲ ಅಂದ್ರ ‘ಪ’.”

“ಈ ಕ್ರಮ ಮಾಡಿದವ ಯಾರ್ರಿ?”

“ಹಿಂದಿನವರು ರೀ.”

“ಅಂವ ನಮ್ಮೂರ ಕಡೆ ಬಂದಿರಲಿಕ್ಕಿಲ್ಲ,” ಎಂದರು ಗೌಡರು. “ಮೊದಲ ಪಾಳಿ ಸರಿ ಮಾಡ್ರಿ. ಸಹಿ ಆಮ್ಯಾಲ ನೋಡೂಣು.”

ಮಾಸ್ತರರು ಪಾತೇಲಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರು. ಮಕ್ಕಳೂ ಹೊರಳಿ ಮೊದಲಿನಂತೆ ನಿಂತವು. ಶಿದ್ಲಿಂಗಪ್ಪನನ್ನು ಕೈಹಿಡಿದು ಮುಂದೆ ತಂದರೆ ಎಲ್ಲ ಮುಗಿಯುತ್ತಿತ್ತು. ಎಂಟು ದಿನ ಗಂಟಲು ಹರಿದುಕೊಂಡದ್ದು ನೀರಿನಲ್ಲಿ ಹೋಮ ಆಗುತ್ತಿತ್ತು, ಅಷ್ಟೇ. ಅವರು ಹಿಂದೆ ಮುಂದೆ ನೋಡುತ್ತಿರುವಾಗಲೇ ಗೌಡರು ಸಿಟ್ಟಿನಿಂದ ಬಂದು, ಉದ್ದವ್ವನ ಮುಂದೆ, ಪಾತೇಲಿಗೆ ಅಡ್ಡಲಾಗಿ ನಿಂತರು. “ಹೆಂಗ ಹಾಕ್ತೀರಿ ನೋಡ್ತೀನಿ” ಎಂಬ ಹಾಗಿತ್ತು ಆ ನಿಲುವು.

ಏಳು ವರ್ಷದ ಉದ್ದವ್ವನಿಗೆ ಕಂಡದ್ದೇ ಬೇರೆ. ದೊಡ್ಡವರೊಬ್ಬರು ಹಾಲಿಗೆ ಬಂದಿದ್ದಾರೆ, ಪಾಪ, ಪಾಳಿ ತಪ್ಪಿ ನಿಂತಿದ್ದಾರೆ. ಅವಳು ಬೆರಳು ಮಡಚುತ್ತ ಲೆಕ್ಕ ಹಾಕಿದಳು. ಗೌಡರ ಹೆಸರನ್ನು ಊರಲ್ಲಿ ಯಾರೂ ಹಿಡಿದು ಕರೆಯುವುದಿಲ್ಲ. ಆದರೆ ಹಾಜರಿ ಕೂಗುವಾಗ ‘ಶಿದ್ಲಿಂಗಪ್ಪ ರಾವಸಾಹೇಬ ಪಾಟೀಲ’ ಎಂದು ಮಗನ ಹೆಸರಿನ ಜೊತೆ ತಂದೆಯದೂ ದಿನಾ ಕಿವಿಗೆ ಬೀಳುತ್ತಿತ್ತು.

“ಇಲ್ಲಲ್ರಿ ಗೌಡ್ರ,” ಎಂದಳು ಮೆಲ್ಲಗೆ. “ನಿಮ್ಮ ಜಾಗಾ ಹಿಂದ ಐತಿ. ರಾಯವ್ವನ ಹಿಂದ, ಲಗಮಣ್ಣನ ಮುಂದ.”

ರಾಯವ್ವ ಒಂದು ಹೆಜ್ಜೆ ಮುಂದೆ ಬಂದಳು. ಲಗಮಣ್ಣ ಒಂದು ಹೆಜ್ಜೆ ಹಿಂದೆ ಸರಿದ. ನಡುವೆ ಒಬ್ಬ ಆಳು ನಿಲ್ಲುವಷ್ಟು ಜಾಗ ಬಿತ್ತು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಮೂಡಲಗಿ ಮತ್ತೊಂದು ವರ್ಷ ದೂರ ಸರಿಯಿತು.

“ಅಪ್ಪಾ, ಲಗೂನ ಬರ್ರಿ,” ಎಂದು ಶಿದ್ಲಿಂಗಪ್ಪ ಹಿಂದಿನಿಂದ ಕರೆದ. “ನೀವು ನಿಂತ ಹೊರತು ನಮ್ಮ ಪಾಳಿ ಬರೂದಿಲ್ಲ. ನನಗ ಹಸಿವ್ಯಾಗೇತಿ.”

ಗೌಡರು ಮಗನನ್ನು ನೋಡಿದರು. ಅವನು ತನ್ನ ಜಾಗದಲ್ಲಿ ಲೋಟ ಹಿಡಿದು ನೆಟ್ಟಗೆ ನಿಂತಿದ್ದ. ಅವಮಾನದ ಸುಳಿವೂ ಅವನ ಮುಖದಲ್ಲಿರಲಿಲ್ಲ, ಬರೀ ಹಸಿವೆ ಇತ್ತು. ಗೌಡರ ಮೀಸೆ ಒಮ್ಮೆ ಅಲುಗಿತು. ಸಿಟ್ಟೋ ನಗೆಯೋ ಮಾಸ್ತರರಿಗೆ ತಿಳಿಯಲಿಲ್ಲ. ಗೌಡರು ಧೋತರದ ಚುಂಗು ಹಿಡಿದು ಸಾಲಿನ ಗುಂಟ ನಡೆದುಹೋಗಿ, ರಾಯವ್ವನ ಹಿಂದೆ ನಿಂತರು. ಪಾಳಿಯಲ್ಲಿ ಅವರ ರುಮಾಲೊಂದೇ ಎಲ್ಲರ ತಲೆಯ ಮೇಲೆ ಎದ್ದು ಕಾಣುತ್ತಿತ್ತು.

ಉದ್ದವ್ವನ ಲೋಟಕ್ಕೆ ಹಾಲು ಬಿತ್ತು. ಮಾಸ್ತರರು ಸೌಟನ್ನು ಮತ್ತೆ ಅದ್ದುವಷ್ಟರಲ್ಲಿ ಹಿಂದಿನಿಂದ ಗೌಡರ ದನಿ ಕೇಳಿಸಿತು.

“ಮಾಸ್ತರ, ಆ ಕಾಗದ ಇಲ್ಲೇ ತಗೊಂಡ ಬರ್ರಿ. ಪಾಳಿ ಬಿಟ್ಟ ಬರಾಕ ಆಗೂದಿಲ್ಲ ನನಗ.”