ಒಂದೂಕಾಲು ಗಂಟೆಯ ಬಿಸಿಗಾಳಿ

ಮತ್ತೆ ಮಧ್ಯಾಹ್ನದ ಒಂದೂಕಾಲು ಗಂಟೆ. ಸರ್ವರಿನ ಫ್ಯಾನುಗಳ ವೇಗ ಮತ್ತೆ ಮೂರು ಸಾವಿರ ಸುತ್ತಿನಿಂದ ಒಂಬತ್ತು ಸಾವಿರಕ್ಕೆ ನೆಗೆದಿತ್ತು. ಯಾರೋ ಸರ್ವರ್ ಕೋಣೆಯೊಳಗೆ ಹೋಗುತ್ತಿದ್ದಾರೆ. ತಿರುಮಲೇಶನಿಗೆ ಈಗ ಅನುಮಾನವೇ ಉಳಿದಿರಲಿಲ್ಲ.

ಗಂಗಾವತಿಯ ಭತ್ತ ಬೆಳೆಗಾರರ ಸಂಘದಲ್ಲಿ ಸರ್ವರ್ ಕೋಣೆ ನೋಡಿಕೊಳ್ಳುವವನು ಅವನೊಬ್ಬನೇ. ಹೋದ ತಿಂಗಳು ಬಿಸಿ ಮಿತಿಮೀರಿ ಯಂತ್ರ ತಾನಾಗಿಯೇ ಬಂದ್ ಆಗಿತ್ತು. ಭತ್ತದ ತೂಕದ ಚೀಟಿ ತೆಗೆಸಲು ಬಂದ ರೈತರು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿದ್ದರು. ಕೊಪ್ಪಳದ ಮುಖ್ಯ ಕಚೇರಿಯ ಮಹೇಶ್ವರಿ ಮೇಡಂ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ಶನಿವಾರದೊಳಗ ಕಾರಣ ಹೇಳ್ರಿ. ಇಲ್ಲಾಂದ್ರ ಯಂತ್ರ ಕೊಪ್ಪಳಕ್ಕ, ನೀವು ನಿಮ್ಮ ಊರಿಗೆ."

ಮೊದಲು ತನ್ನದೇ ತಪ್ಪಿರಬೇಕೆಂದುಕೊಂಡ. ಎಷ್ಟು ಬಿಸಿಗೆ ಫ್ಯಾನು ಎಷ್ಟು ವೇಗವಾಗಿ ತಿರುಗಬೇಕೆಂಬ ಪಟ್ಟಿಯನ್ನು ಮೂರು ಸಲ ತಿದ್ದಿದ. ನಿಮಿಷಕ್ಕೊಮ್ಮೆ ಬಿಸಿ, ವೇಗ ಎರಡನ್ನೂ ಯಂತ್ರವೇ ಬರೆದಿಡುವಂತೆ ಲಾಗ್ ಶುರುಮಾಡಿದ. ದಿನವೆಲ್ಲ ತೆಪ್ಪಗಿರುವ ಯಂತ್ರದ ಬೆನ್ನು ಒಂದೂಕಾಲಿಗೆ ಕಾಯುತ್ತದೆ, ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಸರಿಯಾಗಿ ಅವನು ವರದಿ ಹಿಡಿದು ಮೇಲಿನ ಮಹಡಿಗೆ ಹೋಗಿರುವ ಹೊತ್ತು. ಇನ್ನೊಂದು ಸಂಗತಿ ಅವನ ನೆಮ್ಮದಿ ಕೆಡಿಸಿತು. ಅವನು ರಜೆ ಹಾಕಿ ಇಟಗಿಗೆ ಮದುವೆಗೆ ಹೋಗಿದ್ದ ಎರಡೂ ದಿನ ಫ್ಯಾನು ಸುಮ್ಮನಿತ್ತು. ಅಂದರೆ ಗುರಿ ಯಂತ್ರವಲ್ಲ, ತಾನು.

ಗುರಿಯಿಡುವಷ್ಟು ತನ್ನನ್ನು ಬಲ್ಲವರಾದರೂ ಯಾರು? ಈ ಊರಿಗೆ ಬಂದು ಒಂದೂವರೆ ವರ್ಷವಾಗಿತ್ತು. ಬಾಡಿಗೆಯ ಒಂದು ಕೋಣೆ. ಬೆಳಗ್ಗೆ ಆರಕ್ಕೆ ತಾನೇ ಬೇಯಿಸಿ ತಂದು ಕಚೇರಿಯ ಹೊರಕೋಣೆಯ ಕಿಟಕಿಯಲ್ಲಿಡುವ ಬುತ್ತಿ. ಮಧ್ಯಾಹ್ನ ಗೋಡೆ ನೋಡುತ್ತ ಊಟ. "ಊಟ ಆತೇನು" ಎಂದು ಕೇಳುವವರು ಒಬ್ಬರೂ ಇರಲಿಲ್ಲ, ಅದು ಅವನಿಗೆ ನಿಜವಾಗಿಯೂ ನೋವಿನ ವಿಷಯ. ಸಮಾಧಾನಗಳಿಲ್ಲವೆಂದಲ್ಲ. ಬಂದ ಹೊಸದರಲ್ಲಿ ಕಾಡಿದ ಹೊಟ್ಟೆನೋವು ಗಂಗಾವತಿಯ ನೀರು ಒಗ್ಗಿದ ಮೇಲೆ ಬಿಟ್ಟುಹೋಗಿತ್ತು. ಸಂತೆಯಲ್ಲಿ ಕೊಂಡ ಸ್ಟೀಲಿನ ಡಬ್ಬಿಯಂತೂ ಮಧ್ಯಾಹ್ನ ಎರಡು ಗಂಟೆಯಾದರೂ ಅನ್ನ ಆರಲು ಬಿಡುತ್ತಿರಲಿಲ್ಲ. ತನ್ನ ಆಯ್ಕೆಗೆ ತಾನೇ ಬೀಗುತ್ತಿದ್ದ, ಪಾಪ.

ಸರ್ವರ್ ಕೋಣೆಯ ಬೀಗದ ಕೈ ಮೂವರ ಬಳಿ ಇತ್ತು: ಅವನು, ಕಾವಲಿನ ಕಾಳಪ್ಪ, ಕಸ ಗುಡಿಸುವ ಹಸನಬೀ. ಕಾಳಪ್ಪ ಗೇಟು ಬಿಟ್ಟು ಕದಲುವ ಆಸಾಮಿಯಲ್ಲ. ಹಸನಬೀ ಮಾತ್ರ ಮೂರು ವಾರದಿಂದ ಒಂಥರಾ ಇದ್ದಳು. ಹತ್ತು ಗಂಟೆಗೆ ಎಲ್ಲರ ಜೊತೆ ಚಹಾ ಕುಡಿಯುತ್ತಿದ್ದವಳು ಈಗ ಲೋಟ ಮುಂದೆ ಹಿಡಿದರೆ, "ಒಲ್ಲೆರಿ ಸಾಹೇಬ್ರ" ಎಂದು ಹೊರಗೆ ಹೋಗಿಬಿಡುತ್ತಿದ್ದಳು. ಮನಸ್ಸಿನಲ್ಲಿ ಹುಳುಕಿಲ್ಲದವರು ಹಾಗೆ ಮುಖ ತಪ್ಪಿಸುತ್ತಾರೆಯೇ ಎಂದು ತಿರುಮಲೇಶ ತನ್ನನ್ನೇ ಕೇಳಿಕೊಂಡ.

ಗುರುವಾರ ಮೇಲಕ್ಕೆ ಹೋದಂತೆ ಮಾಡಿ ಮೆಟ್ಟಿಲ ಮೇಲೆ ಕುಳಿತ. ಫ್ಯಾನುಗಳ ಸದ್ದು ಏರುತ್ತಲೇ ದಡದಡ ಇಳಿದು ಬಾಗಿಲು ದೂಡಿದ. ಯಂತ್ರದ ಹಿಂದೆ ಬಿಸಿಗಾಳಿ ಹೊರಬರುವ ಜಾಲರಿಗೆ, ಹಳೆಯ ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಒತ್ತಿಹಿಡಿದು ಹಸನಬೀ ನಿಂತಿದ್ದಳು.

"ಏನದು?"

"ಬುತ್ತಿರಿ... ತಣ್ಣಂದು ಉಂಡ್ರ ಹೊಟ್ಟಿಗೆ ಆಗಂಗಿಲ್ಲರಿ."

"ಇದನ್ನೇನ ನಿಮ್ಮ ಮನಿ ಒಲಿ ಅಂತ ತಿಳದೀರೇನು? ನಿಮ್ಮಿಂದ ನನ್ನ ನೌಕರಿ ಹೋಗೂದಿತ್ತು!"

ಅವಳು ಗಂಟನ್ನು ಎದೆಗವಚಿಕೊಂಡಳು. ಏನೋ ಹೇಳಹೊರಟವಳು ಅವನ ಮುಖ ನೋಡಿ ನುಂಗಿಕೊಂಡಳು. "ತಪ್ಪಾತ್ರಿ. ಕೇಳದ ಮುಟ್ಟಬಾರದಿತ್ತು."

ಅವನು ಊಟದ ಗೊಡವೆಗೂ ಹೋಗದೆ ಮೇಲಕ್ಕೆ ಓಡಿದ. ಕಾರಣ, ಹೊತ್ತು, ಹೆಸರು ಎಲ್ಲವನ್ನೂ ಲಾಗಿನ ಜೊತೆ ಕೊಪ್ಪಳಕ್ಕೆ ಕಳಿಸಿದ. ಅರ್ಧ ಗಂಟೆಯಲ್ಲಿ ಮಹೇಶ್ವರಿ ಮೇಡಂ ಫೋನ್ ಬಂತು: "ಶಾಬಾಸ್ ತಿರುಮಲೇಶ. ಆಕಿ ನಾಳಿಂದ ಬರೂದು ಬ್ಯಾಡ." ಸುದ್ದಿ ತಿಳಿದ ಹಸನಬೀ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಳು.

ನೌಕರಿ ಉಳಿದಿತ್ತು. ಸಂತೋಷ ಹಂಚಿಕೊಳ್ಳಲು ಮಾತ್ರ ಒಂದು ಜೀವವಿರಲಿಲ್ಲ. ಕೊನೆಗೆ ಗೇಟಿನವರೆಗೆ ನಡೆದುಹೋಗಿ, ಹಸನಬೀ ಬುತ್ತಿ ಕಾಯಿಸಿಕೊಳ್ಳುತ್ತಿದ್ದುದನ್ನು ತಾನು ಹೇಗೆ ಹಿಡಿದೆನೆಂದು ಕಾಳಪ್ಪನಿಗೇ ಬಣ್ಣಿಸಿ ಹೇಳಿದ.

ಕಾಳಪ್ಪ ನಗಲಿಲ್ಲ. ತಲೆ ಕೆರೆದುಕೊಂಡ.

"ಇದು ರಂಜಾನ್ ತಿಂಗಳಲ್ರಿ ಸಾಹೇಬ್ರ. ಆಕಿ ರೋಜಾ ಹಿಡದಾಳ, ಹೊತ್ತು ಮುಳುಗೂತನಾ ನೀರ್ ಸೈತ ಮುಟ್ಟಂಗಿಲ್ಲ. ಆ ಬುತ್ತಿ ಯಾರದು?"