ಬಾಗೂರು ಗಂಗಕ್ಕನ ಬೈಗುಳ

ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಜಯಶೀಲಾ ಮೊಬೈಲ್ ತೆಗೆದು ನೋಡಿದಳು. ಶತ್ರು ಆಗಲೇ ಕೆಲಸ ಶುರು ಮಾಡಿದ್ದಳು.

‘ನಿನ್ನೆ ದುರ್ಜಯ ನಕ್ಕಿದ್ದು ನೋಡಿದ್ರಾ? ಹಿಂಡಿ ತಿಂದ ಕೋಣ ನಕ್ಕಂಗಿತ್ತು. ಎದುರಿಗೆ ಸಿಕ್ಕರೆ ಪೊರಕೆ ಮುರಿಯೋ ತನಕ ಬಡೀತೀನಿ. ಇಂತಿ, ಗಂಗಕ್ಕ, ಬಾಗೂರು.’

ಅದರ ಕೆಳಗೆ ನಗುವ ಮುಖಗಳ ಸಾಲು. ಪೊರಕೆ ನಾವೇ ತರುತ್ತೇವೆ ಎಂದವರೂ ಇದ್ದರು.

‘ಪರದೆ ಕಟ್ಟೆ’ ಎಂಬ ಆ ಪುಟದಲ್ಲಿ ದುರ್ಗದ ಸೀಮೆಯ ಜನ ಸಿನಿಮಾ, ಧಾರಾವಾಹಿ, ನಟಿಯರ ಸೀರೆ, ನಟರ ಮದುವೆ ಎಲ್ಲವನ್ನೂ ಜಾಲಾಡುತ್ತಿದ್ದರು. ಹೊಳಲ್ಕೆರೆಯಲ್ಲಿ ರವಿಕೆ ಹೊಲಿಯುವ ಜಯಶೀಲಾ ಮಷೀನಿಗೆ ಮೊಬೈಲ್ ಒರಗಿಸಿಕೊಂಡು ಅಲ್ಲಿ ಮಾಡುತ್ತಿದ್ದುದು ಒಂದೇ ಕೆಲಸ, ಧಾರಾವಾಹಿಯ ಖಳನಾಯಕ ದುರ್ಜಯನನ್ನು ಬೈಗುಳದಿಂದ ಕಾಯುವುದು. ಆ ಪಾತ್ರ ಮಾಡುವ ವಿವಾನ್ ಎಂಬ ಹೊಸ ಹುಡುಗನ ಗುಳಿ ಕೆನ್ನೆಗೆ ಅವಳು ಸೋತಿದ್ದಳು. ‘ನೋಡೋಕೆ ಕೆಟ್ಟವನು, ಮನಸ್ಸು ಚಿನ್ನ’ ಎಂದು ದಿನವೂ ಬರೆಯುತ್ತಿದ್ದಳು. ಗಂಗಕ್ಕ ದಿನವೂ ಅದರ ಕೆಳಗೆ ಬಂದು ಉಗಿಯುತ್ತಿದ್ದಳು.

ಈಗ ಅವನ ಜೀವಕ್ಕೇ ಸಂಚಕಾರ ಬಂದಿತ್ತು. ದುರ್ಜಯ ಲಾರಿಗೆ ಸಿಕ್ಕಿ ಸಾಯಬೇಕೋ, ಉಳಿಯಬೇಕೋ ಎಂಬುದನ್ನು ಧಾರಾವಾಹಿಯವರು ಜನರ ಕಾಮೆಂಟ್ ಓದಿ ಇವತ್ತು ತೀರ್ಮಾನಿಸುತ್ತಾರೆ ಎಂದು ಪುಟ ನಡೆಸುವವರು ಸುದ್ದಿ ಹಾಕಿದ್ದರು. ಇಷ್ಟು ಬೈಗುಳ ಓದಿದ ಮೇಲೆ ಯಾರು ತಾನೇ ಉಳಿಸುತ್ತಾರೆ? ಬರೆದದ್ದನ್ನೆಲ್ಲ ಅಳಿಸಿ ಎಂದು ಜಯಶೀಲಾ ಗಂಗಕ್ಕನನ್ನು ಬೇಡಿಕೊಂಡಿದ್ದಳು. ಉತ್ತರ ತಕ್ಷಣ ಬಂದಿತ್ತು.

‘ಧೈರ್ಯ ಇದ್ರೆ ಮನೆಗೇ ಬಂದು ಕೇಳು. ಬಾಗೂರಲ್ಲಿ ಗಂಗಕ್ಕ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಊಟಕ್ಕೆ ಬರ್ತೀಯೋ, ಉಂಡ್ಕಂಡ್ ಬರ್ತೀಯೋ, ಮೊದ್ಲೇ ಹೇಳು.’

‘ಊಟಕ್ಕೇ ಬರ್ತೀನಿ, ನೋಡ್ತಿರಿ’ ಎಂದು ಜಯಶೀಲಾ ಗುಡುಗಿದ್ದಳು.

ಬಾಗೂರಿನಲ್ಲಿ ಇಳಿದು ದಾರಿ ಕೇಳಿದರೆ ಟೀ ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಟೀವಿ ವಿಷ್ಯನಾ? ಹೋಗ್ರಿ, ಕುರಿಮರಿ ಕಟ್ಟಿರೋ ಮನೆ. ಆಯಮ್ಮನ್ನ ತಡೆಯೋಕೆ ಊರಿನವ್ರ ಕೈಲೇ ಆಗ್ಲಿಲ್ಲ.”

ಜಗುಲಿಯ ಮೇಲೆ ಗಂಗಕ್ಕನ ಗಂಡ ಚಿತ್ರಲಿಂಗಪ್ಪ ಮರಿಗೆ ಸೊಪ್ಪು ತಿನ್ನಿಸುತ್ತಿದ್ದ. ಬಂದ ಕಾರಣ ಕೇಳಿ ದನಿ ತಗ್ಗಿಸಿದ.

“ನಾನೂ ಹೇಳಿ ಸಾಕಾದೆ ಕಣಮ್ಮ. ರಾತ್ರಿ ಕೂತು ಬೈತಾಳೆ. ಬೆಳಗ್ಗೆದ್ದು ತಪ್ಪಾಯ್ತು ಅಂತ ದೇವ್ರ ಮುಂದೆ ಕೆನ್ನೆ ಬಡ್ಕಂತಾಳೆ. ತಿರುಗಾ ರಾತ್ರಿ ಬೈತಾಳೆ.”

ಒಳಗಿನಿಂದ ಮುದ್ದೆ ಕೋಲು ಹಿಡಿದು ಗಂಗಕ್ಕ ಬಂದಳು. ಬೈಗುಳದ ತೂಕ ನೋಡಿ ಜಯಶೀಲಾ ಭಾರಿ ಹೆಂಗಸನ್ನೇ ಕಲ್ಪಿಸಿಕೊಂಡಿದ್ದಳು. ಬಂದವಳು ಆ ಕೋಲಿಗಿಂತ ಸ್ವಲ್ಪ ದಪ್ಪ ಇದ್ದಳು, ಅಷ್ಟೇ.

“ಹೊಳಲ್ಕೆರೆ ಜಯಶೀಲಾನಾ? ಫೋಟೋದಾಗೆ ದಪ್ಪ ಕಾಣ್ತೀಯ. ಕೈ ತೊಳ್ಕ, ಮುದ್ದೆ ಆರುತ್ತೆ. ಜಗಳ ಉಂಡ್ಮೇಲೆ ಆಡಾಣ.”

ಜಗಳ ಅಲ್ಲಿಯವರೆಗೆ ಕಾಯಲಿಲ್ಲ. ಮೊದಲ ತುತ್ತಿಗೇ ಶುರುವಾಯಿತು.

“ಇಷ್ಟು ಬೈಯೋಕೆ ಅವನೇನು ಮಾಡಿದಾನ್ರಿ ನಿಮಗೆ?”

“ಏನ್ ಮಾಡ್ಲಿಲ್ಲ ಅಂತ ಕೇಳು. ಆ ಗಡ್ಡ ನೋಡು. ಆ ಮುಖ ನೋಡು, ಒಣಗಿದ ಹೀರೇಕಾಯಿ. ಮೈಯಾಗೆ ಒಂದು ಪಾವು ಮಾಂಸ ಐತಾ?”

“ಅವನಿಗೂ ಒಬ್ಬ ತಾಯಿ ಇರ್ತಾಳೆ. ಇದನ್ನೆಲ್ಲ ಓದಿದ್ರೆ ಅವಳಿಗೆ ಹೆಂಗಾಗಬೇಡ?”

“ಅವಳನ್ನ ಬಿಟ್ಟಿದೀನಾ? ಹೆತ್ತವಳಿಗೆ ಬುದ್ಧಿ ಇದ್ದಿದ್ರೆ ಇವನು ಇಂಗ್ ಆಗ್ತಿದ್ನಾ ಅಂತ ಸೋಮವಾರನೇ ಹಾಕೀನಲ್ಲ. ನೀನು ಓದ್ಲಿಲ್ವಾ?”

ಚಿತ್ರಲಿಂಗಪ್ಪನಿಗೆ ನೆತ್ತಿಗೆ ಹತ್ತಿತು. ಕೆಮ್ಮುತ್ತಲೇ ಇಬ್ಬರಿಗೂ ಸಾರು ಬಡಿಸಿದ.

ಜಯಶೀಲಾಗೆ ತಡೆಯಲಾಗಲಿಲ್ಲ. ಬಲಗೈ ತಟ್ಟೆಯಲ್ಲಿದ್ದಂತೆಯೇ ಎಡಗೈಯಲ್ಲಿ ಮೊಬೈಲ್ ಒತ್ತಿ ಬರೆದಳು. ‘ದುರ್ಜಯ ಬದುಕಲಿ. ಅವನಂಥ ಮೃದು ಸ್ವಭಾವದ ಹುಡುಗ ಬೇರೆ ಇಲ್ಲ.’

ಎದುರಿಗೆ ಗಂಗಕ್ಕನೂ ಎಡಗೈಗೆ ಮೊಬೈಲ್ ಎತ್ತಿಕೊಂಡಳು. ‘ಇವಳ ಕಣ್ಣಿಗೆ ಪೊರೆ ಬಂದಿದೆ. ಇವನು ಪಾತಾಳದಿಂದ ಎದ್ದು ಬಂದ ಪಿಶಾಚಿ. ಇವನ ಮುಖ ಕಂಡರೆ ನಮ್ಮ ಮನೆ ಹಾಲು ಒಡೆಯುತ್ತೆ.’

‘ನಿಮ್ಮ ಮನೆ ಹಾಲಲ್ಲೇ ದೋಷ ಇದೆ’ ಎಂದು ಜಯಶೀಲಾ ಬರೆದಳು.

“ಮಜ್ಜಿಗೆ ಹಾಕ್ಲಾ?” ಎಂದಳು ಗಂಗಕ್ಕ.

“ಸ್ವಲ್ಪ ಹಾಕ್ರಿ.”

ಪುಟದಲ್ಲಿ ಹಬ್ಬವೋ ಹಬ್ಬ. ಇವರಿಬ್ಬರೂ ಎಲ್ಲಾದರೂ ಎದುರಾಬದುರು ಸಿಕ್ಕರೆ ಪೊಲೀಸರೇ ಬರಬೇಕು ಎಂದು ಹಿರಿಯೂರಿನ ಯಾರೋ ಬರೆದರು.

ಮಜ್ಜಿಗೆ ಮುಗಿಯುವ ಹೊತ್ತಿಗೆ ಜಯಶೀಲಾಳ ಕಣ್ಣು ತುಂಬಿತ್ತು.

“ಇವತ್ತು ಅವನು ಸತ್ರೆ ಆ ಪಾಪ ನಿಮ್ಗೇ ಅಕ್ಕ. ನಮ್ಮನೇಲಿ ಎಲ್ರೂ ಊಟ ಮಾಡಿ ಮಲಗಿದ್ಮೇಲೆ ನನಗೆ ಅಂತ ಇರೋದು ಅದೊಂದು ಅರ್ಧ ಗಂಟೆ.”

ಗಂಗಕ್ಕ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಒರೆಸುತ್ತಲೇ ಗದರಿದಳು.

“ಅಷ್ಟು ಇಷ್ಟನಾ? ಇಷ್ಟ ಇದ್ರೆ ಬಾಯಿ ಮುಚ್ಕಂಡಿರು. ನಿನ್ನಂಥೋರು ಚಿನ್ನ, ರನ್ನ ಅಂತ ಹೊಗಳಿ ಹೊಗಳಿಯೇ ಅವನ್ನ ಹಾಳ್ ಮಾಡ್ತಿರೋದು. ನಾನು ಒಂದಕ್ಷರನೂ ಅಳಿಸಲ್ಲ.”

ಆಗಲೇ ಗಂಗಕ್ಕನ ಮೊಬೈಲ್ ಹೊಡೆದುಕೊಂಡಿತು. ವಿಡಿಯೋ ಕರೆ. ‘ರವೀಂದ್ರ’ ಎಂಬ ಹೆಸರು ಕಂಡದ್ದೇ ಅವಳು ಮೊಬೈಲನ್ನು ಜಯಶೀಲಾಳ ಕೈಗೆ ತುರುಕಿದಳು. ಚಿತ್ರಲಿಂಗಪ್ಪ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತ.

“ನೀನೇ ಒತ್ತವ್ವ. ನನ್ನ ಕೈಲಾಗಲ್ಲ.”

ಜಯಶೀಲಾ ಹಸಿರು ಗುಂಡಿ ಒತ್ತಿದಳು. ಪರದೆಯ ತುಂಬ ಆ ಗಡ್ಡ, ಆ ಗುಳಿ ಕೆನ್ನೆ, ಸಾಕ್ಷಾತ್ ದುರ್ಜಯ.

“ಅವ್ವಾ, ಲಾರಿ ಕ್ಯಾನ್ಸಲ್! ಇಷ್ಟು ಬೈಸ್ಕಣೋ ಖಳನಾಯಕನ್ನ ಬಿಡಾಕಾಗಲ್ಲಂತೆ, ಇನ್ನೊಂದು ವರ್ಷ ಹಿಂಗೇ ಬೈತಿರು!”