ಮೇಷ್ಟ್ರ ಸ್ಪೆಲ್ಲಿಂಗು

ಸ್ಪೀಚ್ ಥೆರಪಿಸ್ಟ್ ಹೇಳಿದ ಹತ್ತು ಇಂಗ್ಲಿಷ್ ಪದಗಳನ್ನು ಬರೆದು ಮುಗಿಸಿದ ಮೇಷ್ಟ್ರು ಕೆಂಪು ಪೆನ್ನು ಕೇಳಿದರು. ಅವಳು ಕೊಟ್ಟಳು. ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಎಡಗೈಯಲ್ಲೇ ಒಂದೊಂದು ಪದಕ್ಕೂ ಸರಿ ಗುರುತು ಹಾಕಿ, ಕೆಳಗೆ ಹತ್ತಕ್ಕೆ ಹತ್ತು ಎಂದು ಬರೆದು, ಅಡಿಗೆರೆ ಎಳೆದು ಹಾಳೆಯನ್ನು ಮುಂದೆ ತಳ್ಳಿದರು. ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಗಿತ್ತು. ಅವರ ಮುಖದಲ್ಲಿ ಹಳೆಯ ಗತ್ತು ಮತ್ತೆ ಕಂಡದ್ದು ಅವತ್ತೇ.

ಥೆರಪಿಸ್ಟ್ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಗಳು ಬಗ್ಗಿ ನೋಡಿದಳು. ಬೆಳಗ್ಗೆ ಅಂಗಡಿಯಲ್ಲಿ ಕಿಟಕಿ ಪರದೆಗಳನ್ನು ಹೊಲಿದು, ಅರ್ಧ ದಿನ ರಜೆ ಬೇಡಿ, ಅಪ್ಪನಿಗೆ ಶರ್ಟು ತೊಡಿಸಿ, ಎರಡು ಬಸ್ಸು ಬದಲಿಸಿ ಈ ಆಸ್ಪತ್ರೆಗೆ ಕರೆತಂದಿದ್ದಳು. ಹಾಳೆಯಲ್ಲಿ ‘ನೈಫ್’ಗೆ ಎನ್, ಐ, ಎಫ್, ಇ ಎಂದಿತ್ತು. ‘ಐಲ್ಯಾಂಡ್’ಗೆ ಐ, ಎಲ್, ಎ, ಎನ್, ಡಿ. ‘ಲಾಫ್’ಗೆ ಬರೀ ಎಲ್, ಎ, ಎಫ್. ಅವಳ ನಿದ್ದೆ ಹಾರಿಹೋಯಿತು.

“ಸರ್, ಇದರಲ್ಲಿ ಏಳು ತಪ್ಪಿದೆ,” ಎಂದಳು ಥೆರಪಿಸ್ಟ್, ಆದಷ್ಟು ಮೆತ್ತಗೆ.

“ತಪ್ಪಾ?” ಮೇಷ್ಟ್ರ ಮಾತು ಎಳೆದೆಳೆದು ಬಂತು. “ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿದ್ದೀನಮ್ಮ ನಾನು.”

ಥೆರಪಿಸ್ಟ್ ಸರಿಯಾದ ಸ್ಪೆಲ್ಲಿಂಗ್ ಅಚ್ಚಾದ ಕಾರ್ಡುಗಳನ್ನು ಒಂದೊಂದಾಗಿ ಅವರ ಪದಗಳ ಪಕ್ಕದಲ್ಲಿಟ್ಟಳು. ಮೇಷ್ಟ್ರು ಅದನ್ನೂ ಇದನ್ನೂ ನೋಡಿದರು. ಕೆಂಪು ಪೆನ್ನಿನ ಮುಚ್ಚಳ ಹಾಕಲು ಹೋದರು, ಒಂದೇ ಕೈಯಲ್ಲಿ ಆಗಲಿಲ್ಲ. ಮಗಳೇ ಹಾಕಿದಳು.

“ಸ್ಪೆಲ್ಲಿಂಗಿಗೆ ತಲೇಲಿ ಎರಡು ದಾರಿ ಇರುತ್ತೆ ಅಕ್ಕ,” ಎಂದು ಥೆರಪಿಸ್ಟ್ ಅವಳ ಕಡೆ ತಿರುಗಿದಳು. “ಕೇಳಿದ ಸದ್ದನ್ನ ನಿಯಮದ ಪ್ರಕಾರ ಬರೆಯೋದು ಒಂದು. ನಿಯಮಕ್ಕೆ ಬಗ್ಗದ ಪದಗಳನ್ನ ಹಾಗಾಗೇ ನೆನಪಿಟ್ಟುಕೊಳ್ಳೋದು ಇನ್ನೊಂದು. ಸರ್‌ಗೆ ಎರಡನೇ ದಾರಿ ಕಟ್ಟಿಹೋಗಿದೆ. ನಿಯಮ ಒಂದೂ ಮರೆತಿಲ್ಲ ನೋಡಿ.”

“ಇಂಗ್ಲಿಷಲ್ಲಿ ಅಂಥ ಪದ ಎಷ್ಟಿರಬಹುದು?”

“ಅಯ್ಯೋ, ಅದನ್ನ ಮಾತ್ರ ಕೇಳಬೇಡಿ. ದಿನಕ್ಕೆ ಹತ್ತರಂತೆ ಮನೇಲಿ ನೀವೇ ಹೇಳಿ ಬರೆಸಬೇಕು.”

ದಿನಕ್ಕೆ ಹತ್ತು. ಸ್ನಾನ, ಊಟ, ಮಾತ್ರೆ, ಕೈಕಾಲಿನ ವ್ಯಾಯಾಮ, ಅದರ ಮೇಲೆ ಇದೂ. ಮಗಳು ಕಣ್ಣುಜ್ಜಿಕೊಂಡಳು. ಆರನೇ ಕ್ಲಾಸಿನಲ್ಲಿ ಅವಳಿಗೆ ಅಪ್ಪನೇ ಇಂಗ್ಲಿಷ್ ಮೇಷ್ಟ್ರು. ಇವೇ ಪದಗಳನ್ನು ಅವಳು ಹೀಗೇ ಬರೆದಿದ್ದಳು. ಅಪ್ಪ ಅವಳ ಹಾಳೆಯನ್ನು ಇಡೀ ತರಗತಿಗೆ ಓದಿ ಹೇಳಿದ್ದರು. ಮೇಷ್ಟ್ರ ಮಗಳೆಂದು ಅದುವರೆಗೆ ಬಾಯಿ ಬಿಗಿಹಿಡಿದಿದ್ದ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಅವಳು ಇಂಗ್ಲಿಷ್ ಪುಸ್ತಕ ತೆರೆಯುವುದನ್ನೇ ತಪ್ಪಿಸಿಕೊಳ್ಳುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿ ಅದೊಂದರಲ್ಲೇ ಎರಡು ಸಲ ಫೇಲಾಗಿ, ಹೊಲಿಗೆ ಯಂತ್ರದ ಮುಂದೆ ಕೂತಳು.

ನೈಫ್ ಕಾರ್ಡನ್ನು ಎತ್ತಿಕೊಂಡು ಅವಳು ಅಪ್ಪನ ಮುಂದೆ ಹಿಡಿದಳು. “ಈ ಕೆ ಯಾಕಪ್ಪ ಇಲ್ಲಿ? ಯಾರೂ ಹೇಳೋದೇ ಇಲ್ವಲ್ಲ.”

ಮೇಷ್ಟ್ರು ಆ ಅಕ್ಷರದ ಮೇಲೆ ಎಡಗೈ ಬೆರಳಿಟ್ಟರು. “ಹಿಂದೆ ಹೇಳ್ತಿದ್ರು. ಕ್ನೀಫ್ ಅಂತಲೇ ಅಂತಿದ್ರು. ಹಾಗೇ ಬರೆದ್ರು. ಆಮೇಲೆ ನಾಲಗೆಗೆ ಭಾರ ಅನ್ನಿಸ್ತು, ಬಿಟ್ಟುಬಿಟ್ರು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು. ಅಚ್ಚಾದದ್ದು ನಿಂತುಹೋಯ್ತು, ಬಾಯಿ ಮುಂದೆ ಹೋಯ್ತು.” ಉಸಿರು ತೆಗೆದುಕೊಂಡರು. “ಐಲ್ಯಾಂಡ್‌ಗೆ ಎಸ್ ಇರಲೇ ಇಲ್ಲ. ಲ್ಯಾಟಿನ್ ಓದಿದ ಪಂಡಿತರು ದೊಡ್ಡಸ್ತಿಕೆಗೆ ತುರುಕಿದ್ರು. ಬೇರೆ ಭಾಷೆಯಿಂದ ತಂದ ಪದಗಳೂ ಅಷ್ಟೇ. ಬಂದ ಬಟ್ಟೆಯಲ್ಲೇ ಉಳಿದುಬಿಟ್ವು.”

“ಇದೆಲ್ಲ ನನಗೆ ಪಾಠ ಮಾಡುವಾಗ್ಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಮತ್ತೆ ನಾನು ಕೇಳಿದಾಗ, ಬಾಯಿ ಮುಚ್ಕೊಂಡು ಐವತ್ತು ಸಲ ಬರಿ ಅಂದ್ರಿ.”

ಮೇಷ್ಟ್ರು ಅವಳ ಕೈಯಿಂದ ಕಾರ್ಡು ತೆಗೆದುಕೊಂಡರು. “ಪಾಠ ಬೇಕಾದಷ್ಟು ಬಾಕಿ ಇತ್ತು. ವಿವರಿಸ್ತಾ ಕೂತ್ರೆ ಮುಗೀತಿರ್ಲಿಲ್ಲ...” ಎಂದು ನಿಲ್ಲಿಸಿದರು. ಆಮೇಲೆ, ಕಾರ್ಡಿಗೆ ಹೇಳುವವರಂತೆ, “ಮೂವತ್ತಾರು ವರ್ಷದಲ್ಲಿ ಯಾಕೆ ಅಂತ ಕೇಳಿದ್ದು ನೀನೊಬ್ಬಳೇ,” ಎಂದರು.

ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು. ಕಾರ್ಡುಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು, ಅಪ್ಪನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

ಹೊರಗೆ ಕೌಂಟರಿನಲ್ಲಿ ಮುಂದಿನ ವಾರಕ್ಕೆ ಹೆಸರು ಬರೆಸಬೇಕಿತ್ತು. ಗುಮಾಸ್ತ ಇಂಗ್ಲಿಷಿನ ಫಾರಂ, ಒಂದು ಪೆನ್ನು ಕೊಟ್ಟ. ಅವಳು ಎಂದಿನಂತೆ ಬೇರೆ ಯಾರಿಂದಲಾದರೂ ತುಂಬಿಸಲು ಅತ್ತಿತ್ತ ನೋಡುತ್ತಿದ್ದಾಗ ಮೇಷ್ಟ್ರು ಪೆನ್ನು ಕಿತ್ತುಕೊಂಡರು. ಫಾರಂ ಜಾರದಂತೆ ಅವಳು ಮೂಲೆ ಹಿಡಿದು ನಿಂತಳು. ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು. ಮೇಷ್ಟ್ರು ತಲೆ ಎತ್ತಲಿಲ್ಲ.

ಗುಮಾಸ್ತ ಫಾರಂ ತಿರುಗಿಸಿ ಓದಿದ. ಜೊತೆಗೆ ಬಂದವರು ಏನಾಗಬೇಕು ಎಂಬ ಜಾಗದಲ್ಲಿ ಡಿ, ಎ, ಡಬ್ಲ್ಯೂ, ಟಿ, ಇ, ಆರ್ ಎಂದು ಸೊಟ್ಟ ಅಕ್ಷರಗಳಿದ್ದವು.

“ಡಾಟರ್ ಅಂತಲಾ ಇದು? ಸ್ಪೆಲ್ಲಿಂಗ್ ಪೂರಾ ತಪ್ಪಾಗಿದೆ ಮೇಡಂ. ಕೊಡಿ, ಹೊಡೆದುಹಾಕಿ ನಾನೇ ಬರೀತೀನಿ.”

ಅವಳು ಆ ಪದದ ಮೇಲೆ ಅಂಗೈ ಇಟ್ಟಳು.

“ಮುಟ್ಟಬೇಡಿ,” ಎಂದಳು. “ಅಷ್ಟು ಬರೆಯೋಕೆ ಅವರಿಗೆ ಐದು ನಿಮಿಷ ಹಿಡೀತು.”